ಎಂಜಿನ್ನಿನ ಬಾಯಿ ಮುಚ್ಚಿದ ಬಣ್ಣ

ಕಡಲು ಒಳಬಂದ ನೂರಾ ಹದಿನೇಳನೇ ವರ್ಷ, ಆಶ್ವಯುಜ ಮೂವತ್ತೆಂಟು.
ಕೋಡಿಗುಡ್ಡದ ದೋಣಿಧಕ್ಕೆಯಿಂದ.

ಕೇಳಿರಯ್ಯಾ! ನಮಗಿಂತ ಹಿಂದೆ ಹುಟ್ಟಿ, ಆಟ ಮುಗಿಯುವ ಮೊದಲೇ ಎದ್ದುಹೋದ ಮಹಾಜನಗಳೇ! ಕುರ್ಚಿಯವರೇ, ಬೆಂಚಿನವರೇ, ನೆಲದ ಚಾಪೆಯವರೇ, ಗದ್ದಲ ನಿಲ್ಲಿಸಿ! ನನ್ನ ತಾರೀಖು, ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ದೊಡ್ಡ ಉಬ್ಬರ ಬಂದು ಇಳಿಯುವವರೆಗೆ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ಈ ಕಾಗದವನ್ನು ನಿಮಗೆ ಮುಟ್ಟಿಸುವುದು ಹಿಂದಂಚೆ; ಅಂದರೆ ಕಳೆದ ಕಾಲಕ್ಕೆ ಓಲೆ ಒಯ್ಯುವ ಅಂಚೆ. ಒಯ್ಯುತ್ತದೆ, ಉತ್ತರ ತರುವುದಿಲ್ಲ. ನಾನು ಬೈದರೆ ನೀವು ತಿರುಗಿ ಬೈಯುವಂತಿಲ್ಲ. ಆದ್ದರಿಂದ ಬೈಯುತ್ತೇನೆ!

ನಾನು ಸೂರಪ್ಪ ಖಾರ್ವಿ, ದೋಣಿನಾಟಕ ಕಂಪನಿಯ ಯಜಮಾನ. ನೀವು ಬಸ್ಸಿನಲ್ಲಿ ಓಡಾಡಿದ ಊರುಗಳೆಲ್ಲ ಈಗ ನಡುಗಡ್ಡೆಗಳು. ಪರದೆ, ವೇಷದ ಪೆಟ್ಟಿಗೆ, ಹಾರ್ಮೋನಿಯಂ, ಜೊತೆಗೆ ಊಟದಲ್ಲಿ ಮಾತ್ರ ಶೂರರಾದ ನಟರು. ಇಷ್ಟು ಹೇರನ್ನು ಎಳೆಯುವ ಬಲ ಹಾಯಿಗಿಲ್ಲ. ನಿಮ್ಮ ಕಾಲದ ಪೆಟ್ರೋಲ್ ಎಂಜಿನ್ನಿಗಿದೆ. ಊರಿನವರಿಂದ ವೀಳ್ಯ ಪಡೆದೆವೆಂದರೆ ಆಟಕ್ಕೆ ಮಾತು ಕೊಟ್ಟಂತೆ. ಮೂರು ವೀಳ್ಯ ತಪ್ಪಿಸಿದ ಕಂಪನಿಯ ಬಾವುಟ ಇಳಿಸಿ, ಅದರ ಪರದೆಗಳನ್ನು ದ್ವೀಪಸಭೆ ಬೇರೆಯವರಿಗೆ ಹಂಚಿಬಿಡುತ್ತದೆ. ನಮ್ಮವು ಎರಡು ತಪ್ಪಿವೆ. ಮೂರನೆಯ ಆಟ ನಾಳೆ ಸಂಜೆ, ಹೊಳೆಬಾಗಿಲಿನಲ್ಲಿ.

ಈ ಎಂಜಿನ್ ಏನು ಕುಡಿಯುತ್ತದೆ, ಹೇಳಿ ನೋಡೋಣ! ಪೆಟ್ರೋಲ್ ಈಗೆಲ್ಲಿ! ಧಕ್ಕೆಯಲ್ಲಿ ಸಿಗುವುದು ಹೊನ್ನೆಎಣ್ಣೆ ಮತ್ತು ಪಾಚಿಸಾರ. ಹೊನ್ನೆಎಣ್ಣೆ ದೀಪಕ್ಕೆ ದೇವರು, ಇದಕ್ಕೆ ಬರೀ ಜಿಡ್ಡು. ಪಾಚಿಸಾರವೆಂದರೆ ಕಡಲಪಾಚಿ ಕೊಳೆಸಿ ಭಟ್ಟಿ ಇಳಿಸಿದ ಉರಿನೀರು. ಅದನ್ನು ಕುಡಿದು ಎಂಜಿನ್ ಗರ್ಜಿಸಿತು, ನಿಜ. ಆದರೆ ಎಂಜಿನ್ನಿಗೆ ಎಣ್ಣೆ ಹಾಯಿಸುವ ಪಂಪಿನೊಳಗಿನ ರಬ್ಬರ್ ಪೊರೆ ನೆನೆದ ಹಪ್ಪಳವಾಗಿ ನಡುಹೊಳೆಯಲ್ಲಿ ಹರಿದು ಚಿಂದಿಯಾಯಿತು. ಮೊದಲ ವೀಳ್ಯ ಹೋಯಿತು.

ಆಗ ನಮ್ಮ ಮೆಕ್ಯಾನಿಕ್ ಫಕೀರಬ್ಬ ಎಲ್ಲಿಂದಲೋ ಕಾರಿನ ಕರೆಂಟು ಪಂಪು ತಂದ. "ಸೂರಪ್ಪಣ್ಣ, ಇದು ಪಂಪಲ್ಲ ಮಾರಾಯ್ರೆ, ಕುದುರೆ!" ಎಂದ. ಕುದುರೆಯೇ ಸೈ! ಗುಟುಕು ಗುಟುಕಾಗಿ ಕುಡಿಯುವ ಕಾರ್ಬ್ಯುರೇಟರಿಗೆ ಕೊಡಗಟ್ಟಲೆ ಸುರಿಯಿತು. ಸಾರ ಉಕ್ಕಿ ದೋಣಿಯ ತಳದಲ್ಲಿ ನಿಂತಿತು. ಒಂದೇ ಒಂದು ಕಿಡಿ ಸಾಕಿತ್ತು! ಎಲ್ಲರೂ ನೀರಿಗೆ ಹಾರಿದೆವು. ನಮ್ಮ ರಾಕ್ಷಸ ವೇಷದವನಿಗೆ ಈಜು ಬಾರದೆಂದು ತಿಳಿದದ್ದು ಆಗಲೇ. ನನ್ನ ಹೆಂಡತಿ ಜಲಜಾಕ್ಷಿ ದಡದಲ್ಲಿ ಸೆರಗು ಹಿಂಡುತ್ತ, "ನಿಮ್ ಕುದ್ರೆ ಮೇಲ್ ನೀವೇ ಹೋಯ್ನಿ. ನಾ ಮನಿಗ್ ಹೋತೆ" ಎಂದಳು. ಎರಡನೆಯ ವೀಳ್ಯವೂ ಹೋಯಿತು.

ಯಾವ ಪಂಪು, ಎಷ್ಟು ಒತ್ತಡ, ಯಾವ ಇಂಧನ ಎಂಬುದೆಲ್ಲ ಎಂಜಿನ್ನಿನ ಮೈಮೇಲಿನ ತಗಡಿನಲ್ಲೇ ಬರೆದಿರುತ್ತದಂತೆ. ಹುಡುಕಿದೆ. ಹಸಿರು ಬಣ್ಣ ಕೆರೆದರೆ ನೀಲಿ. ನೀಲಿ ಕೆರೆದರೆ ಕೆಂಪು. ಪ್ರತಿ ಆಯುಧಪೂಜೆಗೂ ಒಂದು ಪದರ ಬಳಿದಿದ್ದೀರಲ್ಲ, ಪುಣ್ಯಾತ್ಮರೇ! ಕುಂಕುಮವೂ ಅದರೊಳಗೇ ಒಣಗಿ ಕೂತಿದೆ. ಕೊನೆಗೆ ತಗಡು ಸಿಕ್ಕಿತು, ಕನ್ನಡಿಯ ಹಾಗೆ ನುಣ್ಣಗೆ. ಬಣ್ಣ ಚೆನ್ನಾಗಿ ಹಿಡಿಯಲೆಂದು ಉಪ್ಪುಕಾಗದ ಹಾಕಿ ಅಕ್ಷರಗಳನ್ನೆಲ್ಲ ಉಜ್ಜಿ ತೆಗೆದಿದ್ದೀರಿ! ಪೂಜೆ ಮಾಡಿದಿರಿ, ಪೂಜೆಗೆ ಕೂತದ್ದು ಏನು ಉಣ್ಣುತ್ತದೆಂದು ಮುಂದಿನವರಿಗೆ ತಿಳಿಯಬಾರದೇ?

ಬೇಡುವುದು ಇಷ್ಟೇ. ಹೂ ಹಾಕಿ, ನಿಂಬೆಹಣ್ಣು ಒಡೆಯಿರಿ, ಬೇಕಾದರೆ ಅಡ್ಡಬೀಳಿ. ಬಣ್ಣದ ಡಬ್ಬಿ ಮಾತ್ರ ದೂರವಿಡಿ. ಉಳಿ ಹಿಡಿದು ಕಬ್ಬಿಣದಲ್ಲೇ ಕೊರೆಯಿರಿ: ಇದಕ್ಕೆ ಇಂಥ ಪಂಪು, ಇಂಥ ಎಣ್ಣೆ.

ನನ್ನ ಪಾಲಿಗೆ ಆ ಭಾಗ್ಯವಿಲ್ಲ. ನಾಳೆ ಬೆಳಿಗ್ಗೆ ಆ ಎರಡು ಪಂಪುಗಳನ್ನೂ ಬದಿಗೆಸೆಯುತ್ತೇನೆ. ರಂಗದ ಸಿಂಹಾಸನವನ್ನು ಎಂಜಿನ್ನಿಗಿಂತ ಎತ್ತರಕ್ಕೆ ಬಿಗಿದು, ಅದರ ಮೇಲೆ ಸಾರದ ಡಬ್ಬಿ ಕೂರಿಸಿ, ತಾಮ್ರದ ಕೊಳವೆ ಇಳಿಬಿಡುತ್ತೇನೆ. ಮೇಲಿನದು ತಗ್ಗಿಗೆ ಹರಿಯಲು ಯಾವ ತಗಡಿನ ಅಪ್ಪಣೆಯೂ ಬೇಕಿಲ್ಲ. ಅಲೆಗೆ ಡಬ್ಬಿ ಮಗುಚಿದರೆ ದೋಣಿಯೇ ಚಿತೆ ಎಂದು ಫಕೀರಬ್ಬ ಹೆದರಿಸಿದ್ದಾನೆ; ಹೆದರಿಸಿದವನೇ ಬರುತ್ತೇನೆಂದೂ ಹೇಳಿದ್ದಾನೆ. ರಾಜನ ಪಾತ್ರದವನು ಹೊಳೆಬಾಗಿಲಿನವರೆಗೂ ಡಬ್ಬಿ ತಬ್ಬಿಕೊಂಡು ನಿಲ್ಲಲಿ. ಸೂರ್ಯ ಕಂಡೊಡನೆ ನಾನು ಎಂಜಿನ್ ಹೊತ್ತಿಸುವ ಹಗ್ಗ ಎಳೆಯುತ್ತೇನೆ.