ಅಕ್ಕನ ಮೊಣಕಾಲಿನಲ್ಲಿ ಕೂತ ಅರವತ್ತು ಪದಗಳು

ಆಸ್ಪತ್ರೆಯ ಪರೀಕ್ಷಾಧಿಕಾರಿಗಳಾದ ಮಾನ್ಯರೇ,

ನಮ್ಮ ಕಟ್ಟಡದ ಮೆಟ್ಟಿಲುಗಳು ಒಟ್ಟು ಅರವತ್ತು ಎಂಬ ಮಹತ್ವದ ಸಂಗತಿಯನ್ನು ಈ ಮೂಲಕ ಸಮಸ್ತ ಲೋಕಕ್ಕೆ ಘೋಷಿಸುತ್ತಿದ್ದೇನೆ. ಖುದ್ದಾಗಿ ಎಣಿಸಿದ್ದೇನೆ, ಅನುಮಾನವಿದ್ದರೆ ತನಿಖಾ ಸಮಿತಿ ಕಳಿಸಿ. ಈ ಮೆಟ್ಟಿಲುಗಳ ದೆಸೆಯಿಂದಲೇ ತಾವು ನನ್ನ ಅಕ್ಕನನ್ನು ‘ಕಾಲಿನ ಸನ್ನೆಯಿಂದ ನಕಲು ಮಾಡಿದವಳು’ ಎಂದು ತೀರ್ಮಾನಿಸಿ, ಇನ್ನು ಮೂರು ವರ್ಷ ಪರೀಕ್ಷೆಯ ಕೋಣೆಗೆ ಕಾಲಿಡದಂತೆ ನಿಷೇಧಿಸಿದ್ದೀರಿ. ತಪ್ಪಿನಲ್ಲಿ ಅರ್ಧ ನಿಮ್ಮದು, ಅರ್ಧ ನನ್ನದು. ನನ್ನ ಅರ್ಧ ಕೊಂಚ ದೊಡ್ಡದು.

ಅಕ್ಕ ನಿಮ್ಮ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಹಾಸಿಗೆ ವಸ್ತ್ರ ಮಡಚುತ್ತಿದ್ದಾಳೆ. ವಾರ್ಡ್ ಸಹಾಯಕಿಯಾಗಬೇಕೆಂಬುದು ಅವಳ ಆಸೆ. ಅದರ ಪರೀಕ್ಷೆಗೆಂದು ತಾವು ಅರ್ಥ ಸಮೇತ ಅರವತ್ತು ಪದಗಳ ಪಟ್ಟಿ ಕೊಟ್ಟಿರಿ: ಸೋಂಕು, ಅರಿವಳಿಕೆ, ನಿರ್ಜಲೀಕರಣ, ಹೀಗೆ. ಅಕ್ಕ ನನ್ನನ್ನು ಕೇಳಿದ್ದು ಸರಿಯಾದ ಉಪಾಯವನ್ನೇ: “ಲೋ, ಒಂದೊಂದು ಪದಾನೂ ಚೀಟೀಲಿ ಬರೆದು, ಕಲೆಸಿ ಕಲೆಸಿ ಕೇಳೋ.” ಅರವತ್ತು ಚೀಟಿ ಬರೆಯುವುದೆಂದರೆ ನನ್ನಂಥ ಪಂಡಿತನ ಕೈ ನೋಯುವುದಿಲ್ಲವೇ? “ಅದೆಲ್ಲ ಹಳೇದು ಅಕ್ಕ. ಮೆಟ್ಟಿಲಿಗೊಂದು ಪದ ಹೇಳ್ಕೊಂಡು ಹತ್ತು, ತಾನಾಗೇ ಬರುತ್ತೆ” ಎಂದೆ. ದಿನವಿಡೀ ನಿಂತು ದುಡಿದು ಬಂದವಳು ಪಟ್ಟಿ ಹಿಡಿದು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ನಾನು ಮೂರನೇ ಮಹಡಿಯಲ್ಲಿ ಕುರ್ಚಿ ಹಾಕಿಕೊಂಡು “ಭೇಷ್” ಎನ್ನುತ್ತಿದ್ದೆ.

ಪರೀಕ್ಷೆಯ ಮುನ್ನಾದಿನ ಅವಳೇ ಎಚ್ಚರಿಸಿದ್ದಳು. “ಪದಗಳೆಲ್ಲ ಮೊಣಕಾಲಲ್ಲಿ ಕೂತಿವೆ ಕಣೋ, ತಲೆಗೆ ಹತ್ತಿಲ್ಲ. ಕೂತ್ಕೊಂಡ್ರೆ ಒಂದೂ ಬರಲ್ಲ.” ನಾನು ನಕ್ಕೆ.

ಮರುದಿನ ಕೊನೆಯ ಬೆಂಚಿನಲ್ಲಿ ಕೂತು ಮೇಜಿನ ಕೆಳಗೆ ಒಂದೊಂದೇ ಕಾಲು ಎತ್ತಿಡುತ್ತಾ ಇಪ್ಪತ್ಮೂರನೇ ಪದದವರೆಗೆ ತಲುಪಿದ್ದಳಂತೆ.

“ಯಾರಿಗಮ್ಮಾ ಸನ್ನೆ?” ಎಂದರು ನಿಮ್ಮ ಮೇಲ್ವಿಚಾರಕರು.

“ಸನ್ನೆ ಅಲ್ಲ ಸಾರ್, ಮೆಟ್ಟಿಲು ಹತ್ತಾ ಇದೀನಿ.”

ಉತ್ತರ ಪತ್ರಿಕೆ ಕಿತ್ತುಕೊಂಡರು. ಹಿಂದೆ ಗೋಡೆ, ಮುಂದೆ ಖಾಲಿ ಬೆಂಚು. ಸನ್ನೆ ಯಾರಿಗೆ, ಗೋಡೆಗೇ? ಗೋಡೆ ಎಷ್ಟು ಅಂಕ ತೆಗೆಯಿತು? ‘ಕಾಲು ಅಲ್ಲಾಡಿಸಿದ್ದು ನಿಜ’ ಎಂದು ಬರೆಸಿಕೊಂಡು ಸಹಿ ಹಾಕಿಸಿದಿರಿ. ನಿಜ ತಾನೇ, ಹಾಕಿದಳು. “ನಾಳೆ ಕಚೇರಿಗೆ ಬಂದು ನೀನೇ ಒಂದ್ ಮಾತು ಹೇಳೋ” ಎಂದು ಆ ಸಂಜೆ ನನ್ನನ್ನು ಕೇಳಿದಳು. ಲೇಖನ ಬರೆಯುವುದಿದೆ ಎಂದು ತಪ್ಪಿಸಿಕೊಂಡೆ. ಯಾವ ಲೇಖನವೂ ಇರಲಿಲ್ಲ ಮಾನ್ಯರೇ. ‘ಇಂಥ ಉಪಾಯ ಹೇಳಿಕೊಟ್ಟ ಮಹಾಶಯ ಯಾರು?’ ಎಂದು ನೀವು ಕೇಳುವಿರೆಂಬ ನಾಚಿಕೆ ಇತ್ತು.

ಕಡೆಗೂ ಚೀಟಿ ಬರೆದೆ. “ಪರೀಕ್ಷೇನೇ ಇಲ್ವಲ್ಲೋ, ಈಗ್ಯಾಕೆ?” ಎಂದಳು. ಆದರೂ ಉತ್ತರ ಹೇಳಿದಳು. ತಪ್ಪಿದ ಚೀಟಿ ನಾಳೆಗೆ, ಮತ್ತೂ ತಪ್ಪಿದರೆ ನಾಡಿದ್ದಿಗೆ. ಹತ್ತು ದಿನದಲ್ಲಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಐವತ್ತೆಂಟು ಸರಿ ಹೇಳಿದ್ದಾಳೆ. ನಿಷೇಧ ತೆಗೆಯಿರಿ, ಮತ್ತೆ ಪರೀಕ್ಷಿಸಿ. ಪದಗಳನ್ನು ಹೇಗೆ ಬೇಕಾದರೂ ಕಲೆಸಿ ಕೇಳಿ.

ಇನ್ನೊಂದು ಸಣ್ಣ ಉಪಕಾರ. ಅವಳು ನಕಲು ಮಾಡಿಲ್ಲವೆಂಬ ಒಂದು ಸಾಲನ್ನು ಅಂಚೆಗೆ ಹಾಕಬೇಡಿ. ಅವಳ ವಿಭಾಗದ ಸೂಚನಾ ಫಲಕದಲ್ಲಿ, ಮಧ್ಯಾಹ್ನದ ಊಟದ ಗಂಟೆಗೆ ಮುಂಚೆ ಅಂಟಿಸಿಬಿಡಿ. ಪರೀಕ್ಷೆಯ ಆ ದಿನದಿಂದ ಅವಳು ಊಟಕ್ಕೆ ಒಬ್ಬಳೇ ಕೂರುತ್ತಿದ್ದಾಳೆ.

ಇಂತಿ,
ಹೇಳಿಕೊಟ್ಟು ಕೆಡಿಸಿದ ತಮ್ಮ