ಏಳನೇ ಬೋಗಿಯ ಸಿಗ್ನಲ್

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಕೊರಿಯಾ. ಊಟದ ನಂತರ ಸ್ವಿಟ್ಜರ್‌ಲೆಂಡ್. ಎರಡೂ ಈ ಅಲುಗಾಡುವ ಕುರ್ಚಿಯಿಂದಲೇ. ‘ರೈಲುಗಳಲ್ಲಿ ನಿಸ್ತಂತು ಸಂಪರ್ಕ: ಇತರ ದೇಶಗಳಿಂದ ಕಲಿಯಬೇಕಾದುದು’ — ವರದಿಯ ತಲೆಬರಹವೇ ಒಂದು ಬೋಗಿಯಷ್ಟು ಉದ್ದ. ನಿರ್ದೇಶಕರು ಅಲ್ಲಿಗೆಲ್ಲ ಹೋಗಿ ಬಂದಾಗಿದೆ. ಅಧ್ಯಯನ ಪ್ರವಾಸ ಅಂದರೆ ಹಾಗೆ... ಪ್ರವಾಸ ಅವರದು, ಅಧ್ಯಯನ ನನ್ನದು.

ಇವಳು ಮನೆಗೆ ಬಂದವಳೇ ಫೋನನ್ನು ಸೋಫಾದ ಮೇಲೆ ಎಸೆದಳು.

“ಇವತ್ತೂ ಆಬ್ಸೆಂಟ್ ಹಾಕಿದ್ರು ರೀ. ಮೂರು ಸಲ ಕಟ್ ಆಯ್ತು.”

ಆಸ್ಪತ್ರೆಯ ಲ್ಯಾಬಿನಲ್ಲಿ ಸಹಾಯಕಿ. ಡಿಪ್ಲೊಮಾ ಮುಗಿಸಿದರೆ ಟೆಕ್ನಿಶಿಯನ್. ಇಲ್ಲದಿದ್ದರೆ ಇನ್ನೂ ಹತ್ತು ವರ್ಷ ಗಾಜಿನ ನಳಿಗೆ ತೊಳೆಯುವುದೇ. ಆನ್‌ಲೈನ್ ಕ್ಲಾಸು ಸೋಮವಾರ, ಶುಕ್ರವಾರ, ಸಂಜೆ ಆರರಿಂದ ಏಳು. ಆಗ ಅವಳು ರೈಲಿನಲ್ಲಿ. ನಮ್ಮ ಕಡೆಗೆ ಅದೇ ಕೊನೆಯ ರೈಲು. ಹತ್ತು ಗೈರಿನವರೆಗೆ ಮಾಫಿ. ಹನ್ನೊಂದಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದು ಎಂಟನೆಯದು.

“ರೈಲಿಗೆ ಇಂಟರ್ನೆಟ್ ತರೋ ಆಫೀಸರ್ ಹೆಂಡ್ತಿ ನಾನು. ಹೊರಗೆ ಹೇಳ್ಕೊಳ್ಳೋಕೂ ನಾಚಿಕೆ.”

ಅಂತರ್ಜಾಲದಲ್ಲಿ ಅಂತರವೇ ಜಾಸ್ತಿ, ಜಾಲ ಕಡಿಮೆ ಅಂದೆ. ನಗಲಿಲ್ಲ.

ಮಾರ್ಚ್ 6, ಗುರುವಾರ

ಸಭೆ. ಮನೆಯಲ್ಲಿ ವೈಫು, ರೈಲಿನಲ್ಲಿ ವೈಫೈ ಎಂದರು ನಿರ್ದೇಶಕರು. ಎಲ್ಲರೂ ನಕ್ಕರು. ಆ ಜೋಕು ನಿವೃತ್ತಿಯಾಗಿ ಹತ್ತು ವರ್ಷವಾಯಿತು, ನಮ್ಮ ಕಚೇರಿಯಲ್ಲಿ ಮಾತ್ರ ಇನ್ನೂ ಸೇವಾವಧಿ ವಿಸ್ತರಣೆ.

ಬೋಗಿಗೊಂದು ವೈಫೈ ಪೆಟ್ಟಿಗೆ ಕೂರಿಸುವುದೆಂದು ತೀರ್ಮಾನ. ಹಸಿರು ದೀಪ ಮಿನುಗಬೇಕಂತೆ. ಬೇರೆ ದೇಶಗಳಲ್ಲಿ ಅದಕ್ಕೆ ಬೋಗಿಯ ಮಾಡಿನ ಮೇಲೆ ಆಂಟೆನಾ ಇಡುತ್ತಾರೆ, ಹೊರಗಿನ ಸಿಗ್ನಲ್ ಒಳಗೆ ಬರುವುದೇ ಅದರಿಂದ ಎಂದೆ. ಆರನೇ ಪುಟದಲ್ಲಿದೆ ಎಂದೂ ಹೇಳಿದೆ.

“ಆಂಟೆನಾ ಎರಡನೇ ಹಂತದಲ್ಲಿ ನೋಡೋಣ ಬಿಡ್ರಿ.”

ಅವರು ಓದುವುದು ಮೊದಲ ಪುಟ. ಆಮೇಲೆ ಚಿತ್ರ.

ಮಾರ್ಚ್ 12, ಬುಧವಾರ

ಉದ್ಘಾಟನೆಗೆ ಮೊದಲು ಪರೀಕ್ಷೆ. ಶೆಡ್ಡಿನಲ್ಲಿ, ನಿಂತ ಬೋಗಿಯಲ್ಲಿ, ಬಾಗಿಲುಗಳನ್ನೆಲ್ಲ ತೆರೆದು. ನಿರ್ದೇಶಕರು ಅಳಿಯನಿಗೆ ವಿಡಿಯೊ ಕಾಲ್ ಮಾಡಿದರು. ಅಳಿಯ ಸ್ಪಷ್ಟವಾಗಿ ಕಂಡ. ಯೋಜನೆ ಯಶಸ್ವಿ.

ಓಡುವ ರೈಲಿನಲ್ಲೂ ನೋಡಬೇಕಲ್ಲವೇ ಅಂದೆ. ಓಡುತ್ತಿದ್ದರೆ ಫೋಟೊ ಅಲುಗುತ್ತದಂತೆ.

ಮಾರ್ಚ್ 14, ಶುಕ್ರವಾರ

ಒಂಬತ್ತು. ನಡುವಿನ ಎರಡು ಕ್ಲಾಸು ಮೇಷ್ಟ್ರ ರಜೆಯಿಂದ ನಡೆದಿರಲಿಲ್ಲ, ಬಚಾವ್.

ಮಾರ್ಚ್ 17, ಸೋಮವಾರ

ಇವಳ ಜೊತೆ ನಾನೂ ರೈಲು ಹತ್ತಿದೆ. ಮೂರನೇ ಬೋಗಿ. ಹೊಸ ಪೆಟ್ಟಿಗೆ, ಹಸಿರು ದೀಪ, ಸಿಗ್ನಲ್ ಸೊನ್ನೆ. ಪೆಟ್ಟಿಗೆಯೂ ನಮ್ಮ ಹಾಗೆ ಪ್ರಯಾಣಿಕ, ಅಷ್ಟೆ. ಟಿಕೆಟ್ ಇಲ್ಲ.

ಮೇಷ್ಟ್ರು ಫೋನಿನಲ್ಲಿ ಬಾಯಿ ತೆರೆದಲ್ಲೇ ನಿಂತರು. ನಿಲ್ದಾಣ ಬಂತು, ಬಾಗಿಲು ತೆರೆಯಿತು — ಮೇಷ್ಟ್ರಿಗೆ ಜೀವ ಬಂತು. ಬಾಗಿಲು ಮುಚ್ಚಿತು. ಮತ್ತೆ ಕಲ್ಲು. ನಾಲ್ಕು ನಿಲ್ದಾಣ ನೋಡಿದೆ, ನಾಲ್ಕರಲ್ಲೂ ಅದೇ. ಹೊರಗೆ ಸಿಗ್ನಲ್ ಧಾರಾಳ. ಒಳಗೆ ಬರುತ್ತಿಲ್ಲ.

ಸ್ವಿಟ್ಜರ್‌ಲೆಂಡಿನ ಅಧ್ಯಾಯ ನೆನಪಾಯಿತು. ರೈಲಿನ ಕಿಟಕಿಗಾಜಿನ ಲೋಹದ ಪದರವೇ ಸಿಗ್ನಲ್ ತಡೆಯುತ್ತದೆಂದು ಕಂಡುಕೊಂಡು, ಆ ಪದರವನ್ನು ಲೇಸರಿನಿಂದ ಸಣ್ಣಗೆ ಗೀರಿದ್ದರು, ಕಣ್ಣಿಗೂ ಕಾಣದ ಹಾಗೆ. ಸಿಗ್ನಲ್ ತಾನಾಗಿ ಒಳಗೆ.

“ಹತ್ತಾಯ್ತು,” ಅಂದಳು ಇಳಿಯುವಾಗ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 18, ಮಂಗಳವಾರ, ಬೆಳಗ್ಗೆ 10

ಶೆಡ್ಡಿಗೆ ಓಡಿದೆ.

“ಫಿಟ್ಟರಣ್ಣ, ಈ ಗಾಜಲ್ಲಿ ಲೋಹದ ಪದರ ಇದೆಯಾ?”

“ಇದೆ ಸಾರ್. ಬಿಸಿಲು ಒಳಗೆ ಬರ್ಬಾರ್ದು ಅಂತ.”

“ಸಿಗ್ನಲ್ಲೂ ಬರ್ತಿಲ್ಲ! ಯಾವ ಪುಣ್ಯಾತ್ಮ ಹಾಕ್ಸಿದ್ದು ಇದನ್ನ?”

ಫಿಟ್ಟರಣ್ಣ ಸ್ಪ್ಯಾನರ್ ಒರೆಸುತ್ತ ನನ್ನ ಮುಖ ನೋಡಿದ.

“ನೀವೇ ಅಲ್ವಾ ಸಾರ್?”

ನಾನೇ. ಎರಡು ವರ್ಷದ ಹಿಂದೆ. ‘ತಂಪು ಪ್ರಯಾಣ: ಇತರ ದೇಶಗಳಿಂದ ಕಲಿಯಬೇಕಾದುದು’. ಮರಳುಗಾಡಿನ ದೇಶವೊಂದರಿಂದ ಕಲಿತು ಬರೆದದ್ದು, ಕೊನೆಯಲ್ಲಿ ನನ್ನ ಸಹಿ. ಆರು ಬೋಗಿಗಳಿಗೆ ಹೊಸ ಗಾಜು ಬಂದಿದೆ. ಏಳನೆಯದು ಮಾತ್ರ ಹಳೆಯ ಡಬ್ಬಿ, ಹಳೆಯ ಗಾಜು. ಒಳಗೆ ಬೆಂದುಹೋಗುತ್ತಾರೆಂದು ಯಾರೂ ಹತ್ತುವುದಿಲ್ಲ.

ರಾತ್ರಿ 8

ಹೇಳಿಬಿಟ್ಟೆ. ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

“ಅಂದ್ರೆ ನನ್ನ ಹತ್ತು ಆಬ್ಸೆಂಟೂ ನಿಮ್ದೇ.”

“ಏಳನೇ ಬೋಗಿ ಹತ್ತು. ಸೆಖೆ ಇರುತ್ತೆ, ಆದ್ರೆ—”

“ಬೇಯೋದು ನನಗೇನು ಹೊಸದಾ?”

ಮಾರ್ಚ್ 21, ಶುಕ್ರವಾರ

ಹಾಜರಿ! ಏಳನೇ ಬೋಗಿಯಲ್ಲಿ, ಪೂರ್ತಿ ಒಂದು ಗಂಟೆ, ಒಮ್ಮೆಯೂ ಕಡಿಯದೆ. ಸೀರೆಯೆಲ್ಲ ಒದ್ದೆ, ಮುಖ ಕೆಂಪು. ಬಾಗಿಲಲ್ಲೇ ಒಂದು ಲೋಟ ನೀರು ಗಟಗಟ ಕುಡಿದು, “ರಕ್ತದ ಗುಂಪಿನ ಪಾಠ ಮುಗೀತು,” ಅಂದಳು. ಇನ್ನೆರಡು ಕ್ಲಾಸು.

ಮಾರ್ಚ್ 25, ಮಂಗಳವಾರ

ನಿನ್ನೆಯದೂ ದಕ್ಕಿತು. ಉಳಿದದ್ದು ಒಂದೇ, ಈ ಶುಕ್ರವಾರ. ಆ ಧೈರ್ಯದಲ್ಲಿ ನಿರ್ದೇಶಕರ ಕೋಣೆಗೆ ಹೋದೆ. ಗಾಜು ಗೀರೋಣ ಸಾರ್, ಪೆಟ್ಟಿಗೆಗಿಂತ ಕೆಲಸ ಕಡಿಮೆ ಅಂದೆ.

“ಗಾಜು ಗೀರಿದ್ರೆ ಮಂತ್ರಿಗಳಿಗೆ ಏನ್ರೀ ತೋರ್ಸೋದು? ಗೀರಾ? ಅದೂ ಕಣ್ಣಿಗೆ ಕಾಣಲ್ಲ ಅಂತೀರಿ!”

“ಆದ್ರೆ ತೊಂದ್ರೆ ಇರೋದು ನನ್ನ ಹಳೇ ವರದಿ—”

“ಆ ವರದಿಯಿಂದ್ಲೇ ನಾನು ಈ ಕುರ್ಚೀಲಿರೋದು. ನೀವು ಆ ಕುರ್ಚೀಲಿರೋದು. ಇಬ್ರಿಗೂ ಕೂತ್ಕೊಳ್ಳೋಕೆ ಚೆನ್ನಾಗೇ ಇದೆಯಲ್ಲ?”

ನನ್ನದು ಅಲುಗಾಡುತ್ತದೆ ಎನ್ನಬೇಕೆಂದಿದ್ದೆ. ನಕ್ಕು ಬಂದೆ. ಥೂ.

ಮಾರ್ಚ್ 27, ಗುರುವಾರ, ಮಧ್ಯಾಹ್ನ 3

ಮೇಜಿನ ಮೇಲೆ ಕೆಂಪು ಚೀಟಿ ಅಂಟಿಸಿದ ಫೈಲು. ಏಳನೇ ಬೋಗಿ ಇಂದು ಸಂಜೆ ಶೆಡ್ಡಿಗೆ, ಹೊಸ ಗಾಜು ಹಾಕಲು. ‘ಉಳಿದ ಆರು ಬೋಗಿಗಳಲ್ಲಿ ಹೊಸ ಗಾಜಿನಿಂದ ಯಾವ ತೊಂದರೆಯೂ ಕಂಡುಬಂದಿಲ್ಲ’ — ಟೈಪಾಗಿದೆ. ಕೆಳಗೆ ನನ್ನ ಹೆಸರು, ಮೇಲೆ ಖಾಲಿ ಜಾಗ. ಸಹಿ ಮಾಡಿದರೆ ನಾಳೆ ಆ ಬೋಗಿ ರೈಲಿನಲ್ಲಿರುವುದಿಲ್ಲ. ಕೊನೆಯ ಕ್ಲಾಸು ನಾಳೆ.

ಜ್ವರ ಎಂದು ಎರಡು ದಿನ ರಜೆ ಹಾಕಬಹುದು. ಆದರೆ ಆಗ ಇಂದೇ ಇನ್ಯಾರೋ ಸಹಿ ಮಾಡುತ್ತಾರೆ. ಫೈಲಿನಲ್ಲಿ ಕಾರಣ ಬರೆದರೆ ಮಾತ್ರ ನಿಲ್ಲುತ್ತದೆ.

ನಿರ್ದೇಶಕರ ಬೆಲ್. ಮತ್ತೆ ಬೆಲ್. ಬಡಿದುಕೊಳ್ಳಲಿ. ಮೊದಲು ಇಲ್ಲಿ ಕರಡು, ಆಮೇಲೆ ಫೈಲಿಗೆ:

‘ಒಪ್ಪಿಗೆ ಇಲ್ಲ. ಏಳನೇ ಬೋಗಿಯ ಗಾಜು ಬದಲಿಸಕೂಡದು. ಉಳಿದ ಆರು ಬೋಗಿಗಳಲ್ಲಿ ಸಂಪರ್ಕ ಕಡಿಯಲು ಹೊಸ ಗಾಜೇ ಕಾರಣ. ಪರೀಕ್ಷಿಸದೆ ಅದನ್ನು ಶಿಫಾರಸು ಮಾಡಿದವನು ನಾನೇ.’