ಮರಳು ಮೇಜಿನ ನೀಲಿ ಮಣಿಗಳು

ಲಾ ಪಾಜ್,
ಗುರುವಾರ, 24 ಆಗಸ್ಟ್ 1933

ಕರ್ನಲ್ ಲಿಸಾಂದ್ರೊ ಇತುರ್ರಿ ಅವರಿಗೆ, ಇನ್ನೂ ನಿಮ್ಮ ಹೆಂಡತಿಯೇ ಆಗಿರುವ ಕಸಿಲ್ಡಾ ಬರೆಯುವುದು.

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಅಗತ್ಯ ಬೀಳಲಿಲ್ಲ. ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಫೋಟೋ ಬಂದಿತ್ತು. ದಕ್ಷಿಣದ ಶಿಬಿರದಲ್ಲಿ ಊಟ ಚೆನ್ನಾಗಿದೆಯೆಂದು ನಿಮ್ಮ ಅಂಗಿಯ ಹೊಲಿಗೆಯೇ ಹೇಳುತ್ತಿತ್ತು. ಒಂದೂವರೆ ವರ್ಷದಿಂದ ನಾವಿಬ್ಬರೂ ಒಂದು ಸಾಲು ಬರೆದುಕೊಂಡಿಲ್ಲ. ಇನ್ನೂ ಹಾಗೆಯೇ ಇದ್ದುಬಿಡುತ್ತಿದ್ದೆ. ಆದರೆ ಫೋಟೋದ ಕೆಳಗೆ ನೀವು ಸೇನಾ ನ್ಯಾಯಾಲಯಕ್ಕೆ ಕಳಿಸಿದ ಹೇಳಿಕೆಯೂ ಅಚ್ಚಾಗಿತ್ತು. ನಾಲ್ಕು ದಿನ ಸುಮ್ಮನಿರಲು ನೋಡಿದೆ, ಆಗಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿದೆ, ಲಿಸಾಂದ್ರೊ.

ಸೋಮವಾರ ಕ್ರಿಸ್ಪಿನ್‌ನ ವಿಚಾರಣೆ. ಶತ್ರುವಿನ ಎದುರು ಠಾಣೆ ಬಿಟ್ಟು ಓಡಿದ ಎಂಬ ಆರೋಪ. ಅದಕ್ಕೆ ಶಿಕ್ಷೆ ಏನೆಂದು ನಿಮಗೆ ನಾನು ಹೇಳಿಕೊಡಬೇಕೆ? ಗೋಡೆಗೆ ನಿಲ್ಲಿಸಿ ಗುಂಡು ಹಾರಿಸುತ್ತಾರೆ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡಿದ್ದ ಕೈಗಳು ಇವು. ಅವನ ತಾಯಿ ಸತುರ್ನಿನಾ ಆಗ ನಮ್ಮಪ್ಪನ ಮನೆಯಲ್ಲಿ ಅಡುಗೆಗಿದ್ದಳು. ನನಗೆ ಹದಿನೇಳು, ಜ್ಞಾನತಾಯಿ ಆಗುವುದೆಂದರೆ ಹೊಸ ಬಟ್ಟೆ ಹಾಕಿಕೊಳ್ಳುವುದು ಎಂದಷ್ಟೇ ತಿಳಿದಿದ್ದೆ.

ಅವನ ಬಗ್ಗೆ ನೀವು ಬರೆದದ್ದು ಹೀಗಿದೆ: ‘ಲೆಫ್ಟಿನೆಂಟ್ ಅಪಾಸಾ ನನ್ನ ವಿದ್ಯಾರ್ಥಿಯಾಗಿದ್ದ. ಮನೋಸ್ಥೈರ್ಯ ಸಾಲದು. ನೀರಿನ ಪ್ರಶ್ನೆಯನ್ನು ಯುದ್ಧಶಾಲೆಯಲ್ಲಿ ಯಾರೂ ಎತ್ತಿರಲಿಲ್ಲ. 1931ರ ನನ್ನ ವರದಿಯಲ್ಲಿ, ಪೂರ್ಣ ಅಧ್ಯಯನದ ನಂತರ, ನಾನೇ ಬರೆದಿರುವಂತೆ: ಗುರುತು ಮಾಡಿದ ಎಲ್ಲ ಸ್ಥಳಗಳಲ್ಲೂ ನೀರು ಸಾಕಷ್ಟು ದೊರೆಯುತ್ತದೆ.’

ಯಾರೂ ಎತ್ತಿರಲಿಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಿಮ್ಮ ಸೇನಾ ಕೇಂದ್ರಕ್ಕೆ ಬಂದ ಜ್ವರಕ್ಕೆ ಈಗ ಅಡುಗೆಯವಳ ಮಗನ ಮೈಮೇಲೆ ಬರೆ.

ಆ ದಿನ ನಾನೂ ಅಲ್ಲಿದ್ದೆ ಎಂಬುದನ್ನು ಮರೆತಿದ್ದೀರಿ. ಎರಡು ವರ್ಷದ ಹಿಂದೆ, ಇದೇ ಆಗಸ್ಟ್. ಯುದ್ಧಶಾಲೆಯ ದೊಡ್ಡ ಹಜಾರದಲ್ಲಿ ಮರದ ಚೌಕಟ್ಟಿನೊಳಗೆ ಮರಳು ಹರಡಿ, ಈಗ ಯುದ್ಧ ನಡೆಯುತ್ತಿರುವ ಚಾಕೊ ಸೀಮೆಯನ್ನೇ ಕಟ್ಟಿದ್ದಿರಿ. ಪರಾಗ್ವೆಯವರಿಗೆ ಕೆಂಪು ಬಾವುಟ, ನಮಗೆ ಹಸಿರು. ನೀರಿನ ಜಾಗಗಳನ್ನು ತೋರಿಸಲು ಏನೂ ಸಿಗಲಿಲ್ಲವೆಂದು ನನ್ನ ತಾಯಿಯ ಹರಿದುಹೋದ ಸರದ ನೀಲಿ ಮಣಿಗಳನ್ನು ಕೇಳಿ ತೆಗೆದುಕೊಂಡು ಹೋದಿರಿ. ಹನ್ನೊಂದು ಮಣಿ. ಕೊನೆಯ ದಿನ ಅಧಿಕಾರಿಗಳ ಹೆಂಡತಿಯರನ್ನೂ ಕರೆದಿದ್ದಿರಿ. ಹಸಿರು ಬಾವುಟಗಳು ಮಣಿಯಿಂದ ಮಣಿಗೆ ಸರಸರನೆ ನಡೆದು ಆರನೇ ದಿನಕ್ಕೆ ನದಿ ಮುಟ್ಟಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಗ ಹಿಂದಿನ ಸಾಲಿನಿಂದ ಕ್ರಿಸ್ಪಿನ್ ಎದ್ದು ನಿಂತ. ‘ಸಾರ್, ಈ ಮಣಿ ಇಟ್ಟಿರೋ ಜಾಗದಲ್ಲಿ ಯಾರಾದ್ರೂ ನೀರು ಕುಡಿದು ಬಂದಿದ್ದಾರಾ?’ ಎಂದು ಕೇಳಿದ. ಹಜಾರವೆಲ್ಲ ನಕ್ಕಿತು.

ನೀವು ಕೋಲಿನ ತುದಿ ಅವನತ್ತ ತಿರುಗಿಸಿ, ‘ಏನಪ್ಪಾ ಅಪಾಸಾ, ಯುದ್ಧಕ್ಕೆ ಹೋಗ್ತೀಯೋ, ನೀರು ಹೊರೋಕೆ ಹೋಗ್ತೀಯೋ? ಈ ಆಟದಲ್ಲಿ ನೀರು ಇದೆ ಅಂತಲೇ ಲೆಕ್ಕ. ಕೂತ್ಕೋ’ ಎಂದಿರಿ.

‘ಬಾಯಾರಿಕೆಗೂ ಆ ಲೆಕ್ಕ ಗೊತ್ತಿರುತ್ತಾ, ಸಾರ್?’ ಎಂದು ಕೇಳಿಯೇ ಅವನು ಕೂತ. ಈ ಬಾರಿ ಯಾರೂ ನಗಲಿಲ್ಲ. ನಿಮ್ಮ ಕಿವಿ ಕೆಂಪಾಗಿದ್ದು ನನಗೆ ದೂರದಿಂದಲೂ ಕಂಡಿತು.

ಅವನಿಗೆ ಆ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಒಮ್ಮೆಯಾದರೂ ಯೋಚಿಸಿದಿರಾ? ನಮ್ಮಪ್ಪನ ಊಟದ ಮೇಜಿನಿಂದ ಬಂತು. ಹತ್ತೊಂಬತ್ತನೇ ವಯಸ್ಸಿನಲ್ಲಿ, 1879ರ ನವೆಂಬರಿನಲ್ಲಿ, ಹಿಂದಿನ ಯುದ್ಧದಲ್ಲಿ, ಅಪ್ಪ ಸಿಪಾಯಿಯಾಗಿ ಕರಾವಳಿಯ ಮರುಭೂಮಿಯಲ್ಲಿ ನಡೆದವರು. ಮುಂದಿನ ಕಣಿವೆಯಲ್ಲಿ ನೀರಿದೆ ಎಂದು ಮೇಲಿನವರು ಹೇಳಿದ್ದರು. ಮೇಲಿನವರು ಕುದುರೆಯ ಮೇಲಿದ್ದರು. ಸಿಪಾಯಿಗಳು ಸೋರೆಬುರುಡೆಗಳಲ್ಲಿ ನೀರಿನ ಬದಲು ದ್ರಾಕ್ಷಾರಸ ತುಂಬಿಕೊಂಡು ಹೊರಟರು. ಶತ್ರುವಿನ ಮುಖ ಕಾಣುವ ಮೊದಲೇ, ಬರೀ ಬಾಯಾರಿಕೆಗೆ ಸೋತು ಸೇನೆ ಹಿಂದಿರುಗಿತು. ಅಂದಿನಿಂದ ಸಾಯುವವರೆಗೂ ಪ್ರತಿ ನವೆಂಬರಿನಲ್ಲಿ ಒಂದು ದಿನ ಅಪ್ಪ ಮನೆಯಲ್ಲಿ ಯಾರಿಗೂ ನೀರು ಮುಟ್ಟಲು ಬಿಡುತ್ತಿರಲಿಲ್ಲ. ಸೂರ್ಯ ಮುಳುಗುವವರೆಗೆ ಒಂದು ಹನಿ ಇಲ್ಲ. ಮಧ್ಯಾಹ್ನಕ್ಕೆ ಬೇಕೆಂತಲೇ ಉಪ್ಪು ಹಾಕಿ ಒಣಗಿಸಿದ ಲಾಮಾ ಮಾಂಸ. ಯಜಮಾನರಿಗೂ ಆಳುಗಳಿಗೂ ಒಂದೇ ನಿಯಮ. ‘ನೆನಪು ತಲೇಲಿದ್ರೆ ಸಾಲ್ದು, ಗಂಟಲಲ್ಲಿರಬೇಕು’ ಎನ್ನುತ್ತಿದ್ದರು. ಕ್ರಿಸ್ಪಿನ್ ಆ ಮನೆಯಲ್ಲಿ ಬೆಳೆದವನು. ಹದಿನಾರು ನವೆಂಬರ್ ಅವನ ಗಂಟಲಲ್ಲಿವೆ.

ನೀವೂ ಆ ಮೇಜಿಗೆ ಕೂತಿದ್ದಿರಿ. 1911, ನನ್ನನ್ನು ಕೇಳಲು ಬಂದ ವರ್ಷ. ಸಂಜೆ ಅಪ್ಪ ನಿಮ್ಮ ಬೆನ್ನು ತಟ್ಟಿ, ‘ಈ ಹುಡುಗನಿಗೆ ತಾಳ್ಮೆ ಇದೆ’ ಎಂದರು. ಆದರೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೇ ನೀವು ಅಡುಗೆಮನೆಯ ಹಿಂದೆ ಮಡಕೆ ಎತ್ತಿ ಕುಡಿದದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅಪ್ಪನಿಗೆ ಹೇಳಲಿಲ್ಲ. ಅಷ್ಟೇ ಅಲ್ಲ, ಗಲ್ಲದ ಮೇಲೆ ನೀರು ಇಳಿಯುತ್ತಿದ್ದ ನಿಮ್ಮ ಕಳ್ಳ ಮುಖ ನನಗೆ ಇಷ್ಟವಾಯಿತು. ಇಪ್ಪತ್ತೆರಡು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ಮಾತು ಇದು, ಈಗ ಹೇಳುತ್ತಿದ್ದೇನೆ. ಆ ದಿನವೇ ನನಗೆ ಬುದ್ಧಿ ಬರಬೇಕಿತ್ತು.

ಆಮೇಲೆ ನೀವು ಅದೇ ಮರುಭೂಮಿಯ ಬಗ್ಗೆ ವರ್ಷವರ್ಷವೂ ಯುದ್ಧಶಾಲೆಯಲ್ಲಿ ಪಾಠ ಹೇಳಿದಿರಿ. ಎರಡು ಗಂಟೆಯ ಪಾಠದಲ್ಲಿ ವಿಧಿ, ದ್ರೋಹ, ಬಾವುಟದ ಮಾನ, ಸಿಪಾಯಿಯ ತ್ಯಾಗ ಎಲ್ಲವೂ ಇದ್ದವು, ನೀರು ಮಾತ್ರ ಇರಲಿಲ್ಲ. ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನೇ ಈ ದೇಶದಲ್ಲಿ ಇತಿಹಾಸ ಎಂದು ಕಲಿಸುತ್ತಾರೆ. ಕಲಿತವರು ಪದಕ ಹಾಕಿಕೊಂಡು ಮತ್ತೆ ಅದೇ ಜಾಗದಲ್ಲಿ ಜಾರುತ್ತಾರೆ.

ಮರಳು ಮೇಜಿನ ಆಟ ಮುಗಿದು ಎರಡು ವಾರಕ್ಕೆ ಕ್ರಿಸ್ಪಿನ್ ನಮ್ಮ ಮನೆಗೆ ಬಂದ. ನೀವಿರಲಿಲ್ಲ. ಮೂರು ಪುಟ ನನ್ನ ಕೈಗಿಟ್ಟ. ಜನವರಿಯ ಬಿಸಿಲಲ್ಲಿ ಒಬ್ಬ ಸಿಪಾಯಿಗೆ ದಿನಕ್ಕೆ ಎಷ್ಟು ನೀರು, ಮರಳಿನಲ್ಲಿ ಲಾರಿ ಎಷ್ಟು ಹೊರಬಲ್ಲದು, ಎಷ್ಟು ದೂರಕ್ಕೆ. ಹೇಸರಗತ್ತೆ ಹೊಡೆಯುವವರನ್ನೂ ಆ ಕಡೆ ಓಡಾಡಿದ ಪಾದ್ರಿಗಳನ್ನೂ ಹುಡುಕಿಕೊಂಡು ಹೋಗಿ ಕೇಳಿದ್ದ. ಹನ್ನೊಂದು ಮಣಿಗಳಲ್ಲಿ ನಾಲ್ಕು ಬೇಸಿಗೆಗೆ ಬತ್ತುತ್ತವೆ, ಎರಡರ ನೀರು ಉಪ್ಪು, ಉಳಿದ ಐದನ್ನು ಕಣ್ಣಾರೆ ಕಂಡವರಿಲ್ಲ. ‘ಅಮ್ಮಾ, ಸಾರ್ ನನ್ನ ಮಾತು ಕೇಳಲ್ಲ. ನಿಮ್ಮ ಅಕ್ಷರದಲ್ಲಿದ್ರೆ ಓದ್ತಾರೆ. ವರದಿ ನೀವೇ ತಾನೇ ನಕಲು ಮಾಡೋದು?’ ಎಂದ.

ಹೌದು, ನಿಮ್ಮ ಎಲ್ಲ ವರದಿಗಳನ್ನೂ ನಾನೇ ಒಳ್ಳೆಯ ಅಕ್ಷರದಲ್ಲಿ ಬರೆದುಕೊಡುತ್ತಿದ್ದೆ. 1931ರ ಆ ವರದಿಯ ನಲವತ್ತೇಳು ಪುಟಗಳೂ ನನ್ನದೇ ಅಕ್ಷರ. ಆ ಮೂರು ಪುಟ ಮಾತ್ರ ಅದರಲ್ಲಿ ಬರಲಿಲ್ಲ. ಸಹಿ ನಿಮ್ಮದು. ಈಗ ನ್ಯಾಯಾಲಯದ ಮೇಜಿನ ಮೇಲೆ ಅದೇ ವರದಿ ಸಾಕ್ಷಿಯಾಗಿ ಕೂತಿದೆ.

ಕಳೆದ ಜನವರಿಯಲ್ಲಿ ಏನಾಯಿತು ಎಂಬುದನ್ನು ಪತ್ರಿಕೆ ಬರೆಯಲಿಲ್ಲ. ಸತುರ್ನಿನಾ ಹೇಳಿದಳು. ಮಂಗಳವಾರ ಬಂದಿದ್ದಳು. ಸಂತೆಯಲ್ಲಿ ನೇರಳೆ ಜೋಳದ ಬಿಸಿ ಗಂಜಿ ಮಾರಿ ನೇರವಾಗಿ ಸೆರೆಮನೆಗೆ ಹೋಗಿ ಮಗನನ್ನು ನೋಡಿಕೊಂಡು, ಅಲ್ಲಿಂದ ಇಲ್ಲಿಗೆ. ಕೂತುಕೋ ಎಂದರೆ ಕೂರಲಿಲ್ಲ. ಬಾಗಿಲಲ್ಲಿ ನಿಂತೇ ಮಾತಾಡಿದಳು.

‘ನನ್ ಮಗನ್ ಕೈಕೆಳಗೆ ಎಂಬತ್ತೆಂಟು ಜನ ಹೋದ್ರು ಅಕ್ಕಾವ್ರೇ. ಎರಡು ದಿನ ನಡೆದು ಹೋಗಿ ನೋಡಿದ್ರೆ ಬಾವೀಲಿ ಒಣಗಿದ ಕಪ್ಪೆ ಬಿದ್ದಿತ್ತಂತೆ, ನೀರಿಲ್ಲ. ಟೆಲಿಫೋನಲ್ಲಿ ನೀರಿನ ಲಾರಿ ಕಳಿಸಿ ಅಂತ ಕೇಳ್ದ, ಒಂದ್ಸಲ ಅಲ್ಲ ಮೂರ್ ಸಲ. ಆ ಕಡೆಯವ್ನು ಪುಸ್ತಕ ನೋಡಿ ಓದಿದ್ನಂತೆ, ಅಲ್ಲಿ ನೀರು ಸಾಕಷ್ಟು ಸಿಗುತ್ತೆ, ನಿಮ್ ಮೇಷ್ಟ್ರೇ ಬರೆದವ್ರೆ, ಬಾವಿ ಬಿಟ್ಟು ಕದಲಬೇಡ ಅಂತ. ಬಾಯಲ್ಲಿ ಉಗುಳಿಲ್ಲ. ಹಾಜರಿ ಕೂಗಿದ್ರೆ ಮಾತಾಡೋಕೆ ನಾಲಿಗೆ ಏಳ್ತಿರ್ಲಿಲ್ಲ. ಬದುಕಿರೋರು ಬಂದೂಕಿನ ಹಿಡೀನ ಒಂದ್ಸಲ ತಟ್ಟಿ ಅಂದ. ಮೊದಲ್ನೇ ದಿನ ಎಲ್ರೂ ತಟ್ಟಿದ್ರು. ಮೂರ್ನೇ ದಿನ ಮೂವತ್ತೊಂದು ಜನ ತಟ್ಟಿದ್ರು. ಆಗ ನನ್ ಮಗ, ಇನ್ನು ಯಾರ ಅಪ್ಪಣೇನೂ ಬೇಡ, ಏಳಿ ಅಂದ. ಇಪ್ಪತ್ತೇಳು ಜನಾನ ವಾಪಸ್ ತಂದ. ತಂದಿದ್ದೇ ತಪ್ಪಂತೆ!’

ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಬಿಡಲಿಲ್ಲ. ‘ಸಮಾಧಾನ ನಂಗೇನೂ ಬೇಡಿ. ನಿಮ್ ಯಜಮಾನ್ರು ಆವತ್ತು ಅಡುಗೆಮನೆ ಹಿಂದೆ ಗಟಗಟ ಕುಡಿದಿದ್ದನ್ನ ನಾನೂ ನೋಡಿದ್ದೆ, ಮಡಕೆ ನಂದಲ್ವಾ? ದೊಡ್ಡೋರ ಬಾಯಾರಿಕೆ ಮುಚ್ಚಿಡಬೇಕು ಅಂತ ಸುಮ್ನಿದ್ದೆ. ನೀವೂ ಸುಮ್ನಿದ್ರಿ. ನಾವಿಬ್ರೂ ಸುಮ್ನಿದ್ದಿದ್ದಕ್ಕೆ ಅಲ್ವಾ ಇದೆಲ್ಲ?’ ಎಂದು ಹೇಳಿ ಶಾಲು ಹೊದ್ದುಕೊಂಡು ಹೊರಟೇ ಹೋದಳು.

ಅರವತ್ತೊಂದು ಜನ, ಲಿಸಾಂದ್ರೊ. ಒಂದೂ ಗುಂಡು ತಾಗದೆ ಸತ್ತವರು. ಎತ್ತರದ ಚಳಿಯಲ್ಲಿ ಬೆಳೆದ ಮಕ್ಕಳನ್ನು ಉಣ್ಣೆಯ ಅಂಗಿ ತೊಡಿಸಿ ಆ ಕೆಂಡಕ್ಕೆ ಕಳಿಸಿದಿರಿ. ಬಾಯಾರಿದಾಗ ಬಾವಿ ತೋಡುವವರನ್ನು ಜನ ಆಡಿಕೊಳ್ಳುತ್ತಾರೆ. ನೀವು ಅದನ್ನೂ ಮಾಡಲಿಲ್ಲ. ಪುಸ್ತಕ ತೆಗೆದು ನೀರಿದೆ ಎಂದು ಓದಿಸಿದಿರಿ.

ನಾಯಕ ಎಂದರೆ ಯಾರು ಎಂದು ನಿಮ್ಮ ಪಾಠದಲ್ಲಿ ಒಂದು ಭಾಗವಿತ್ತು. ನಾನೇ ನಕಲು ಮಾಡಿದ್ದೆ, ಈಗಲೂ ಬಾಯಿಗೆ ಬರುತ್ತದೆ. ‘ಕೆಳಗಿನವನ ತಪ್ಪನ್ನೂ ತನ್ನ ಹೆಗಲಿಗೆ ಹಾಕಿಕೊಳ್ಳುವವನು.’ ನೀವು ಮೇಲಿನವರ ತಪ್ಪನ್ನು ಕೆಳಗಿನವನ ಹೆಗಲಿಗೆ ಹಾಕಿ ಫೋಟೋಗೆ ನಿಂತಿದ್ದೀರಿ. ಈ ಯುದ್ಧ ಹೀಗೆಯೇ ನಡೆದರೆ ಇದನ್ನೂ ಸೋಲುತ್ತೇವೆ. ಶತ್ರು ಬಲಶಾಲಿ ಎಂದಲ್ಲ. ಪ್ರಶ್ನೆ ಕೇಳಿದವನನ್ನು ನಾವೇ ಕೊಂದುಕೊಂಡರೆ ಮುಂದಿನ ಬಾವಿಯ ಬಗ್ಗೆ ಕೇಳಲು ಯಾರು ಉಳಿಯುತ್ತಾರೆ?

ಈ ಕಾಗದ ನಾಳೆಯ ವಿಮಾನದ ಅಂಚೆಯಲ್ಲಿ ಹೊರಡುತ್ತದೆ. ಶನಿವಾರ ನಿಮ್ಮ ಕೈಯಲ್ಲಿರುತ್ತದೆ. ಭಾನುವಾರ ಇಡೀ ದಿನ ನಿಮ್ಮದು. ನ್ಯಾಯಾಲಯಕ್ಕೆ ಒಂದು ತಂತಿ ಕಳಿಸಿ: ಲೆಫ್ಟಿನೆಂಟ್ ಅಪಾಸಾ 1931ರಲ್ಲೇ ನೀರಿನ ಬಗ್ಗೆ ಎಚ್ಚರಿಸಿದ್ದ, ನಾನು ಕೂರಿಸಿದೆ. ಇಷ್ಟು ಸಾಕು. ಪದವಿ ಹೋಗಬಹುದು. ಪ್ರಾಣವಂತೂ ಹೋಗುವುದಿಲ್ಲ. ನೀವು ಕಳಿಸಿದರೂ ಕಳಿಸದಿದ್ದರೂ ಸೋಮವಾರ ಬೆಳಿಗ್ಗೆ ಸತುರ್ನಿನಾ ಜೊತೆ ನಾನು ಅಲ್ಲಿರುತ್ತೇನೆ. ಕ್ರಿಸ್ಪಿನ್ ಕೊಟ್ಟ ಮೂರು ಪುಟ, ಅವನ ಕೈಬರಹ, ಅವನು ಹಾಕಿದ ತಾರೀಖು, ಎಲ್ಲ ನನ್ನ ಚೀಲದಲ್ಲಿರುತ್ತವೆ.

ಅಪ್ಪನ ಮಗಳು,
ಕಸಿಲ್ಡಾ

ಮರೆತ ಮಾತು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಮೂರು ಪುಟ ನನ್ನ ಬಳಿ ಹೇಗೆ ಉಳಿದವು ಎಂದು ನೀವು ಕೇಳುತ್ತೀರಿ. ನಿಮಗೆ ಅವನ್ನು ನಾನು ತೋರಿಸಲೇ ಇಲ್ಲ. ನೀವು ಕೊಟ್ಟ ಕರಡಿನಲ್ಲಿ ನೀರಿನ ಭಾಗ ಖಾಲಿ ಇತ್ತು. ‘ಅಲ್ಲಿ ಏನಾದ್ರೂ ಒಂದು ಹಾಕು, ಓದೋಕೆ ಚೆನ್ನಾಗಿದ್ರೆ ಸಾಕು’ ಎಂದು ಬೂಟು ಹಾಕಿಕೊಳ್ಳುತ್ತಲೇ ಹೇಳಿ ಹೋದಿರಿ. ವರದಿ ಮೆಚ್ಚುಗೆಯಾದರೆ ನಿಮಗೆ ಮೇಲಿನ ಹುದ್ದೆ, ನಮಗೆ ಬಿಸಿಲು ಬೀಳುವ ಆ ದೊಡ್ಡ ಮನೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಕ್ರಿಸ್ಪಿನ್‌ನ ಪುಟಗಳನ್ನು ಡ್ರಾಯರಿಗೆ ಸೇರಿಸಿದೆ. ‘ಗುರುತು ಮಾಡಿದ ಎಲ್ಲ ಸ್ಥಳಗಳಲ್ಲೂ ನೀರು ಸಾಕಷ್ಟು ದೊರೆಯುತ್ತದೆ’ ಎಂದು ನಾನೇ ಬರೆದೆ. ಓದಲು ಚೆನ್ನಾಗಿತ್ತು. ನೀವು ಓದದೆ ಸಹಿ ಹಾಕಿದಿರಿ. ಆಮೇಲೆ ಊಟಕ್ಕೆ ಬಂದವರಿಗೆಲ್ಲ ಅದನ್ನು ನಿಮ್ಮದೇ ಮಾತಾಗಿ ಒಪ್ಪಿಸುತ್ತಿದ್ದಿರಿ. ಅದನ್ನು ಕೇಳಲಾರದೆಯೇ ನಾನು ನಿಮ್ಮನ್ನು ಮನೆಯಿಂದ ಕಳಿಸಿದ್ದು. ನೀವು ಬೇರೇನೋ ಕಾರಣ ಎಂದುಕೊಂಡಿರಿ.

ಸತುರ್ನಿನಾಗೆ ಇದು ಇನ್ನೂ ಗೊತ್ತಿಲ್ಲ. ಸೋಮವಾರ, ಅವಳ ಪಕ್ಕದಲ್ಲೇ ನಿಂತು, ಆ ಸಾಲು ಬರೆದವಳು ನಾನು ಎಂದು ಹೇಳುತ್ತೇನೆ. ಸಹಿ ಯಾರದೆಂದು ಆಮೇಲೆ ಕೇಳುತ್ತಾರೆ.